ಫ್ರಾನ್ಸ್‌ನ ದಕ್ಷಿಣ ಕರಾವಳಿಯಲ್ಲಿ ಇಬ್ಬರ ಊಟದ ಪ್ರವಾಸ: ನೀಸ್‌ನಿಂದ ಸೆತ್‌ವರೆಗೆ, ಹಂತ ಹಂತವಾಗಿ

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಒಂದೇ ಥರ ಇರುತ್ತವೆ. ಗಂಡ ಹೆಂಡತಿ ಇಬ್ಬರೇ ಫ್ರಾನ್ಸ್‌ಗೆ ಹೋಗಬೇಕು, ಪ್ಯಾರಿಸ್ ಬೇಡ, ಸಮುದ್ರದ ಪಕ್ಕ ಬೇಕು, ಚೆನ್ನಾಗಿ ತಿನ್ನಬೇಕು. ಒಬ್ಬರು ಮೀನು ತಿನ್ನುತ್ತಾರೆ, ಇನ್ನೊಬ್ಬರು ಸಸ್ಯಾಹಾರಿ. ಹೇಗೆ ಮಾಡುವುದು, ಎಷ್ಟು ಖರ್ಚು, ಉಪವಾಸ ಬೀಳುತ್ತೇವಾ?

ಬೀಳುವುದಿಲ್ಲ. ಆದರೆ ಜಾಗ ಸರಿಯಾಗಿ ಆರಿಸಿಕೊಳ್ಳಬೇಕು. ಫ್ರಾನ್ಸ್‌ಗೆ ಕರಾವಳಿ ಒಂದಲ್ಲ. ಉತ್ತರದ ನಾರ್ಮಂಡಿ, ಬ್ರಿಟನಿ ಕಡೆ ಬೆಣ್ಣೆ, ಕೆನೆ, ಸೇಬಿನ ಸೈಡರ್. ದಕ್ಷಿಣದ ಮೆಡಿಟರೇನಿಯನ್ ಕಡೆ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಟೊಮೆಟೊ, ಬದನೆಕಾಯಿ, ಕಡಲೆ ಹಿಟ್ಟು. ನಮ್ಮ ನಾಲಿಗೆಗೆ ಯಾವುದು ಬೇಗ ಒಗ್ಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಾಗಾಗಿ ಇಲ್ಲಿ ದಕ್ಷಿಣದ್ದು ಮಾತ್ರ.

ಇನ್ನೊಂದು ಮಾತು ಮೊದಲೇ. ಈ ಪ್ರವಾಸವನ್ನು ನೋಡುವ ಜಾಗಗಳ ಪಟ್ಟಿ ಹಿಡಿದು ಮಾಡಬೇಡಿ, ಮಧ್ಯಾಹ್ನದ ಊಟ ಹಿಡಿದು ಮಾಡಿ. ದಿನಕ್ಕೆ ಒಂದು ಒಳ್ಳೆಯ ಊಟ, ಅದು ಮಧ್ಯಾಹ್ನ. ಬೆಳಿಗ್ಗೆ ಮಾರ್ಕೆಟ್ಟು, ರಾತ್ರಿ ರೂಮಿನಲ್ಲೇ ಬ್ರೆಡ್ಡು, ಚೀಸು, ಹಣ್ಣು. ದುಡ್ಡೂ ಉಳಿಯುತ್ತದೆ, ಹೊಟ್ಟೆಯೂ ತಡೆಯುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಲೆಕ್ಕದ ಮೇಲೇ ನಿಂತಿದೆ.

1. ದಾರಿ ಮತ್ತು ತಿಂಗಳು ಆರಿಸಿ

ಮೂರು ಊರು ಸಾಕು: ನೀಸ್, ಮಾರ್ಸೇ, ಸೆತ್. ಮೂರೂ ಸಮುದ್ರದ ಪಕ್ಕ, ಮೂರಕ್ಕೂ ರೈಲಿದೆ, ಮೂರರ ಊಟವೂ ಬೇರೆ ಬೇರೆ. ಒಂಬತ್ತು ರಾತ್ರಿ ಸಿಕ್ಕರೆ ನೀಸ್‌ನಲ್ಲಿ ನಾಲ್ಕು, ಮಾರ್ಸೇಯಲ್ಲಿ ಮೂರು, ಸೆತ್‌ನಲ್ಲಿ ಎರಡು. ಒಂದು ವಾರವೇ ಇದ್ದರೆ ಸೆತ್ ಬಿಡಿ. ಬೇಜಾರಾಗುತ್ತದೆ, ಆದರೂ ಬಿಡಿ. ದಿನಕ್ಕೊಂದು ಊರು ಅಂತ ಹೊರಟವರು ರೈಲ್ವೆ ಸ್ಟೇಷನ್ನಿನ ಒಣ ಸ್ಯಾಂಡ್‌ವಿಚ್ ತಿಂದುಕೊಂಡು ವಾಪಸ್ ಬರುತ್ತಾರೆ.

ನೀಸ್‌ನಿಂದ ಮಾರ್ಸೇಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಮಾರ್ಸೇಯಿಂದ ಸೆತ್‌ಗೆ ಎರಡರಿಂದ ಮೂರು ಗಂಟೆ, ಕೆಲವು ರೈಲಿಗೆ ನಡುವೆ ಬದಲಾಯಿಸಬೇಕು. ನೀಸ್‌ನಿಂದ ಹೊರಟಾಗ ಎಡಗಡೆ ಕಿಟಕಿ ಹಿಡಿಯಿರಿ. ಕಾನ್ ದಾಟಿದ ಮೇಲೆ ಕೆಂಪು ಬಂಡೆ, ಅದರ ಕೆಳಗೇ ನೀಲಿ ನೀರು, ರೈಲು ಅದರ ಅಂಚಿನಲ್ಲೇ ಹೋಗುತ್ತದೆ.

ತಿಂಗಳು: ಮೇ, ಜೂನ್, ಸೆಪ್ಟೆಂಬರ್. ಜುಲೈ, ಆಗಸ್ಟ್ ಬೇಡ. ಆ ಎರಡು ತಿಂಗಳು ಫ್ರಾನ್ಸ್ ಅರ್ಧ ದೇಶವೇ ರಜೆ ಹಾಕಿ ಇಲ್ಲಿಗೆ ಬಂದಿರುತ್ತದೆ, ಬಿಸಿಲು ಸುಡುತ್ತದೆ, ರೂಮಿನ ಬಾಡಿಗೆ ಕೇಳಬೇಡಿ. ಮೇ, ಜೂನ್‌ನಲ್ಲೂ ಎರಡು ಗುಂಡಿ ಇವೆ, ನೋಡಿಕೊಂಡು ಕಾಲಿಡಿ: ಮೇ ಮಧ್ಯದಲ್ಲಿ ಕಾನ್ ಚಿತ್ರೋತ್ಸವ, ಜೂನ್ ಶುರುವಿನಲ್ಲಿ ಮೊನಾಕೊದ ಕಾರ್ ರೇಸು (2025ರವರೆಗೆ ಅದು ಮೇ ಕೊನೆಯಲ್ಲಿ ಇತ್ತು). ಆ ದಿನಗಳಲ್ಲಿ ನೀಸ್‌ನ ಹೋಟೆಲ್‌ಗಳೂ ಬೆಲೆ ಏರಿಸುತ್ತವೆ. ದಿನಾಂಕ ನೋಡಿಕೊಂಡು ತಪ್ಪಿಸಿ.

2. ವೀಸಾ, ವಿಮಾನ, ದುಡ್ಡು

ವೀಸಾ ಬಗ್ಗೆ ಬೇಗ ಮುಗಿಸುತ್ತೇನೆ. ಬೇಕಿರುವುದು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿಯ ವೀಸಾ. ಬೆಂಗಳೂರಿನಲ್ಲೇ ವಿಎಫ್‌ಎಸ್ ಅನ್ನುವ ವೀಸಾ ಅರ್ಜಿ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ತೆಗೆದುಕೊಳ್ಳುತ್ತಾರೆ. ಶುಲ್ಕ ದೊಡ್ಡವರಿಗೆ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೇಸಿಗೆಗೆ ಹೋಗುವವರು ಅಪಾಯಿಂಟ್‌ಮೆಂಟ್ ಬೇಗ ಹಿಡಿಯಿರಿ, ಏಪ್ರಿಲ್‌ನಲ್ಲಿ ಎಚ್ಚೆತ್ತರೆ ಸ್ಲಾಟ್ ಸಿಗದೆ ಒದ್ದಾಡುತ್ತೀರಿ.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ಪ್ಯಾರಿಸ್‌ನ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಒಳಗೇ ವೇಗದ ರೈಲಿನ ಸ್ಟೇಷನ್ ಇರುವುದರಿಂದ ಅಲ್ಲಿಂದಲೇ ದಕ್ಷಿಣಕ್ಕೆ ಹೋಗಬಹುದು. ಅಥವಾ ಒಂದು ಕಡೆ ವಿಮಾನ ಬದಲಾಯಿಸಿ ನೀಸ್‌ಗೇ ಇಳಿಯಿರಿ. ನನ್ನ ಸಲಹೆ ಎರಡನೆಯದು: ನೀಸ್‌ನಲ್ಲಿ ಇಳಿದು, ವಾಪಸ್ ಬರುವಾಗ ಮಾರ್ಸೇ ಅಥವಾ ಪ್ಯಾರಿಸ್‌ನಿಂದ ಹತ್ತುವ ಟಿಕೆಟ್ ತೆಗೆದುಕೊಳ್ಳಿ. ಬಂದ ದಾರಿಯಲ್ಲೇ ವಾಪಸ್ ಹೋಗುವ ಒಂದು ದಿನ ಉಳಿಯುತ್ತದೆ. ನೀಸ್ ವಿಮಾನ ನಿಲ್ದಾಣದಿಂದ ಊರಿಗೆ ಟ್ರಾಮ್ ಇದೆ, ಟ್ಯಾಕ್ಸಿ ಬೇಕಿಲ್ಲ. ಇನ್ನು, 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆಯುವ ಹೊಸ ಪದ್ಧತಿ ಶುರುವಾಗಿದೆ. ಸಾಲು ಉದ್ದ ಆಗಬಹುದು. ಇಳಿದ ಒಂದೇ ಗಂಟೆಗೆ ರೈಲು ಬುಕ್ ಮಾಡಬೇಡಿ.

ರೈಲಿನಲ್ಲಿ ಎರಡು ಜಾತಿ. ಟಿಜಿವಿ ಅಂದರೆ ದೂರದ ವೇಗದ ರೈಲು: ಸೀಟು ಕಾಯ್ದಿರಿಸಲೇಬೇಕು, ತಡ ಮಾಡಿದಷ್ಟೂ ದರ ಏರುತ್ತದೆ. ಟಿಇಆರ್ ಅಂದರೆ ಊರೂರಿಗೆ ನಿಲ್ಲುವ ಪ್ರಾದೇಶಿಕ ರೈಲು: ಸಾಮಾನ್ಯವಾಗಿ ಸ್ಟೇಷನ್ನಿಗೆ ಹೋಗಿ ಟಿಕೆಟ್ ತೆಗೆದು ಹತ್ತಿದರೆ ಆಯಿತು. ಈ ಕರಾವಳಿಯಲ್ಲಿ ನೀವು ಹೆಚ್ಚು ಹತ್ತುವುದು ಟಿಇಆರ್. ನೀಸ್ ಸುತ್ತಮುತ್ತಲಿನ ಗಾಡಿಗಳು ತುಂಬಿ ತುಳುಕುತ್ತವೆ, ಜೇಬುಗಳ್ಳರೂ ಇರುತ್ತಾರೆ. ಬ್ಯಾಗು ಮುಂದೆ ಹಾಕಿಕೊಳ್ಳಿ. ಆಗೊಮ್ಮೆ ಈಗೊಮ್ಮೆ ಮುಷ್ಕರ ಆಗುತ್ತದೆ, "ಗ್ರೇವ್" ಅಂತ ಕಂಡರೆ ಅದೇ. ಸಾಮಾನ್ಯವಾಗಿ ಹಿಂದಿನ ದಿನ ಸಂಜೆಗೆ ಯಾವ ರೈಲು ಓಡುತ್ತದೆ ಅಂತ ಆ್ಯಪ್‌ನಲ್ಲಿ ಗೊತ್ತಾಗುತ್ತದೆ.

ಕಾರು ಬೇಡವೇ ಅಂತ ಕೇಳುತ್ತೀರಿ. ಬೇಡ. ಪಾರ್ಕಿಂಗ್ ಸಿಗುವುದಿಲ್ಲ, ಸಿಕ್ಕರೆ ದುಬಾರಿ, ಮೇಲಾಗಿ ಊಟದ ಜೊತೆ ವೈನ್ ಕುಡಿಯುವ ಪ್ರವಾಸಕ್ಕೆ ಕಾರು ಯಾಕೆ?

ಕಾರ್ಡು ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆದರೆ ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ಆಫ್ ಆಗಿರುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ಗೆ ಹೋಗಿ ಆನ್ ಮಾಡಿ, ಮಿತಿಯನ್ನೂ ಏರಿಸಿ. ಎಟಿಎಂನಲ್ಲೋ ಅಂಗಡಿ ಯಂತ್ರದಲ್ಲೋ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಾ" ಅಂತ ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರದೇ ಕೆಟ್ಟ ದರ ಹಾಕುತ್ತಾರೆ. ಮಾರ್ಕೆಟ್ಟಿಗೆ ಅಂತ ಸ್ವಲ್ಪ ಚಿಲ್ಲರೆ ನಗದು ಇಟ್ಟುಕೊಳ್ಳಿ.

ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡೆ, ಮಾಂಸದ ಪದಾರ್ಥ ಬೇಡ: ಹೊರಗಿನ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವು, ಮಾವಿನಹಣ್ಣಿಗೂ ಪ್ರಮಾಣಪತ್ರ ಕೇಳುತ್ತಾರೆ. ಅಮ್ಮ ಎಷ್ಟು ಒತ್ತಾಯ ಮಾಡಿದರೂ ಬಿಟ್ಟು ಬನ್ನಿ.

3. ಅಡುಗೆಮನೆ ಇರುವ ರೂಮು ಹಿಡಿಯಿರಿ

ದೊಡ್ಡ ಅಡುಗೆಮನೆ ಬೇಕಿಲ್ಲ. ಒಂದು ಒಲೆ, ಒಂದು ಫ್ರಿಜ್ಜು, ಎರಡು ತಟ್ಟೆ, ಒಂದು ಚಾಕು. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ತಂದ ಟೊಮೆಟೊ ಸಂಜೆಗೆ ಕತ್ತರಿಸಿ, ಆಲಿವ್ ಎಣ್ಣೆ, ಉಪ್ಪು ಹಾಕಿಕೊಂಡು ಬ್ರೆಡ್ಡಿನ ಜೊತೆ ತಿಂದರೆ ಅದೇ ಊಟ. ಸಸ್ಯಾಹಾರಿಗಳಿಗಂತೂ ಇದು ಆಪದ್ಬಾಂಧವ.

ಬುಕ್ ಮಾಡುವಾಗ ನೋಡಬೇಕಾದದ್ದು: ಲಿಫ್ಟ್ ಇದೆಯಾ (ಹಳೆಯ ನೀಸ್‌ನ ಕಟ್ಟಡಗಳಲ್ಲಿ ಎಷ್ಟೋ ಕಡೆ ಇಲ್ಲ, ಐದನೇ ಮಹಡಿಗೆ ಸೂಟ್‌ಕೇಸ್ ಹೊರಬೇಕಾದೀತು), ಎಸಿ ಇದೆಯಾ, ಸ್ಟೇಷನ್ ಎಷ್ಟು ದೂರ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಸೇರುತ್ತದೆ. ಅದು ಮೋಸ ಅಲ್ಲ, ಎಲ್ಲ ಕಡೆ ಇರುವುದೇ.

4. ಊಟದ ಹೊತ್ತು ಮತ್ತು ಊಟದ ಪಟ್ಟಿ ಅರ್ಥ ಮಾಡಿಕೊಳ್ಳಿ

ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲಿ. ಮಧ್ಯಾಹ್ನದ ಊಟ 12ರಿಂದ 2. ರಾತ್ರಿಯದು 7 ಅಥವಾ 7:30ರ ಮೇಲೆ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಮೂರು ಗಂಟೆಗೆ ಹಸಿದುಕೊಂಡು ಹೋದರೆ ಕಾಫಿ ಕೊಡುತ್ತಾರೆ, ಊಟ ಕೊಡುವುದಿಲ್ಲ. ಇಡೀ ದಿನ ತೆರೆದಿರುವ ಜಾಗಗಳೂ ಇವೆ, "ಸರ್ವೀಸ್ ಕೊಂತಿನ್ಯೂ" ಅಂತ ಬೋರ್ಡು ಹಾಕಿರುತ್ತಾರೆ, ಆದರೆ ಅದರಲ್ಲಿ ಬಹಳಷ್ಟು ಬರೀ ಪ್ರವಾಸಿಗರನ್ನು ನಂಬಿಕೊಂಡ ಅಂಗಡಿಗಳು. ಭಾನುವಾರ ರಾತ್ರಿ, ಸೋಮವಾರ ಇಡೀ ದಿನ ಎಷ್ಟೋ ಒಳ್ಳೆಯ ಹೋಟೆಲ್‌ಗಳಿಗೆ ರಜೆ. ಊರಿಂದ ಊರಿಗೆ ಹೋಗುವ ದಿನವನ್ನು ಸೋಮವಾರಕ್ಕೆ ಇಟ್ಟರೆ ನಷ್ಟ ಕಮ್ಮಿ.

ಪಟ್ಟಿಯಲ್ಲಿ ಕಾಣುವ ಐದು ಶಬ್ದ ನೆನಪಿಟ್ಟುಕೊಳ್ಳಿ. "ಕಾರ್ತ್" ಅಂದರೆ ಪೂರ್ತಿ ಪಟ್ಟಿ. "ಮೆನ್ಯು" ಅಂದರೆ ನಿಗದಿತ ದರದ ಪೂರ್ತಿ ಊಟ. "ಫಾರ್ಮ್ಯುಲ್" ಅಂದರೆ ಎರಡು ಬಡಿಸಾಟದ ಸಣ್ಣ ಊಟ. "ಪ್ಲಾ ದ್ಯು ಝೂರ್" ಅಂದರೆ ಇವತ್ತಿನ ಅಡುಗೆ. "ಆಂತ್ರೆ" ಅಂತ ಬರೆದಿರುವುದು ಮೊದಲು ಕೊಡುವ ತಿಂಡಿ, ಮುಖ್ಯ ಊಟ ಅಲ್ಲ. ಮಧ್ಯಾಹ್ನ ಇವತ್ತಿನ ಅಡುಗೆ ಅಂದಾಜು 15ರಿಂದ 20 ಯೂರೋಗೆ ಸಿಗುತ್ತದೆ, ಎರಡು ಬಡಿಸಾಟದ ಊಟ 20ರಿಂದ 28. ಅದೇ ಹೋಟೆಲಿನಲ್ಲಿ ರಾತ್ರಿ ಪಟ್ಟಿ ನೋಡಿ ಆರ್ಡರ್ ಮಾಡಿದರೆ ತಲೆಗೆ 40 ದಾಟುವುದು ಏನೂ ಕಷ್ಟವಿಲ್ಲ. ಮಧ್ಯಾಹ್ನ ಉಣ್ಣಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ನೀರು: "ಕರಾಫ್ ದೋ" ಅಂತ ಕೇಳಿ. ಜಗ್ಗಿನಲ್ಲಿ ನಲ್ಲಿ ನೀರು ಕೊಡುತ್ತಾರೆ, ಊಟ ಮಾಡುವವರಿಗೆ ಅದು ಪುಕ್ಕಟೆ, ಕಾನೂನೇ ಹಾಗಿದೆ. ಸುಮ್ನೆ "ವಾಟರ್" ಅಂದರೆ ದುಡ್ಡಿನ ಬಾಟಲಿ ಬರುತ್ತದೆ. ಬ್ರೆಡ್ಡಿಗೆ ದುಡ್ಡಿಲ್ಲ. ಸೇವಾ ಶುಲ್ಕ ದರದಲ್ಲೇ ಸೇರಿರುತ್ತದೆ, ಹಾಗಾಗಿ ಟಿಪ್ಸ್ ಕಡ್ಡಾಯ ಅಲ್ಲ. ಖುಷಿಯಾದರೆ ಒಂದೆರಡು ಯೂರೋ ಬಿಟ್ಟು ಬನ್ನಿ. ಬಿಲ್ಲು ನೀವು ಕೇಳುವವರೆಗೂ ತರುವುದಿಲ್ಲ. ಅದು ಅಲಕ್ಷ್ಯ ಅಲ್ಲ, ಎಬ್ಬಿಸಬಾರದು ಅನ್ನುವ ಮರ್ಯಾದೆ.

ಎಲ್ಲಕ್ಕಿಂತ ಮುಖ್ಯ, ಒಳಗೆ ಕಾಲಿಟ್ಟ ತಕ್ಷಣ "ಬೋಂಝೂರ್" ಅನ್ನಿ. ಅಂಗಡಿ, ಬೇಕರಿ, ಬಸ್ಸು, ಎಲ್ಲ ಕಡೆ. ಅದನ್ನು ಹೇಳದೆ ನೇರ "ಎಷ್ಟು?" ಅಂತ ಕೇಳಿದರೆ ಅವರ ಮುಖ ಗಂಟಾಗುತ್ತದೆ. ಆಮೇಲೆ ಊರಿಗೆ ಬಂದು ಫ್ರೆಂಚರು ಒರಟರು ಅಂತ ಹೇಳುವವರಲ್ಲಿ ಅರ್ಧ ಜನ ಬೋಂಝೂರ್ ಹೇಳದವರು.

5. ಸಸ್ಯಾಹಾರಿಗಳೇ, ಇದನ್ನು ಎರಡು ಸಲ ಓದಿ

ನೋಡಲು ಬರೀ ತರಕಾರಿ, ಒಳಗೆ ಮೀನೋ ದನದ ಮಾಂಸವೋ. ಈ ಕರಾವಳಿಯ ದೊಡ್ಡ ಬಲೆ ಇದು.

ಪಿಸಲಾದಿಯೇರ್ ಅಂತ ಈರುಳ್ಳಿಯ ತೆಳು ರೊಟ್ಟಿ ಇದೆ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಜಾಮಿನ ಹಾಗೆ ಮೆತ್ತಗಾಗುವವರೆಗೆ ಬಾಡಿಸಿ ಹರಡುತ್ತಾರೆ, ಮೇಲೆ ಕಪ್ಪು ಆಲಿವ್. ಜೊತೆಗೆ ಆಂಚೊವಿ ಅನ್ನುವ ಉಪ್ಪು ಹಾಕಿದ ಸಣ್ಣ ಮೀನು. ಮೇಲೆ ಕಾಣುವ ಮೀನು ತೆಗೆದು ತಿಂದರಾಯಿತು ಅಂದುಕೊಳ್ಳಬೇಡಿ, ಕೆಲವರು ಅದನ್ನು ಅರೆದು ಕೆಳಗೂ ಸವರುತ್ತಾರೆ. ತಪೆನಾದ್ ಅನ್ನುವ ಆಲಿವ್ ಚಟ್ನಿಯಲ್ಲೂ ಅದೇ ಆಂಚೊವಿ. ನೀಸ್ ಶೈಲಿಯ ಸಲಾಡ್‌ನಲ್ಲಿ ಮೀನು, ಮೊಟ್ಟೆ ಎರಡೂ. ಪಾಂ ಬನ್ಯಾ ಅನ್ನುವ ದುಂಡು ಸ್ಯಾಂಡ್‌ವಿಚ್ಚಿನಲ್ಲೂ ಹಾಗೇ. ನೀಸ್‌ನ ರಾವಿಯೋಲಿಯಲ್ಲಿ ಹಸಿರು ಸೊಪ್ಪು ಕಾಣುತ್ತದೆ, ಆದರೆ ಸಾಂಪ್ರದಾಯಿಕವಾಗಿ ಅದರ ಹೂರಣ ವೈನಿನಲ್ಲಿ ಬೇಯಿಸಿದ ದನದ ಮಾಂಸ ಮತ್ತು ಸೊಪ್ಪು. ಪೆತಿ ಫಾರ್ಸಿ ಅಂದರೆ ತುಂಬಿದ ಟೊಮೆಟೊ, ತುಂಬಿದ ಬದನೆಕಾಯಿ. ತುಂಬಿರುವುದು ಮಾಂಸ. ಈರುಳ್ಳಿ ಸೂಪಿಗೆ ಮಾಂಸದ ಸಾರು ಹಾಕುವುದು ರೂಢಿ.

ಚೀಸಿಗೂ ಒಂದು ಮಾತು. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವ ಚೀಸುಗಳು ಫ್ರಾನ್ಸ್‌ನಲ್ಲಿ ಬಹಳ. "ಪ್ರೆಝ್ಯೂರ್" ಅಂತ ಬರೆದಿರುತ್ತಾರೆ. ಇದು ನಿಮಗೆ ಮುಖ್ಯ ಅನ್ನಿಸಿದರೆ ಚೀಸ್ ಅಂಗಡಿಯಲ್ಲಿ ಗಿಡಮೂಲದ್ದು ಬೇಕು ಅಂತ ಕೇಳಿ.

ಸರಿ, ತಿನ್ನುವುದೇನು? ಸೊಕ್ಕಾ, ಪನಿಸ್ (ಎರಡೂ ಕಡಲೆ ಹಿಟ್ಟಿನವು, ಮುಂದೆ ಹೇಳುತ್ತೇನೆ). ರತತೂಯ್, ಅಂದರೆ ಬದನೆ, ಟೊಮೆಟೊ, ದೊಣ್ಣೆಮೆಣಸು, ಜುಕಿನಿ ಸೇರಿಸಿದ ಪಲ್ಯ. ಜುಕಿನಿ ಹೂವಿನ ಪಕೋಡ. ಪಿಸ್ತೂ ಸೂಪು, ಅಂದರೆ ಬೀನ್ಸು, ತರಕಾರಿಯ ಗಟ್ಟಿ ಸಾರಿಗೆ ತುಳಸಿ ಜಾತಿಯ ಬೆಸಿಲ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಅರೆದು ಹಾಕಿದ್ದು. ಕೆಲವರು ಹಂದಿಮಾಂಸದ ತುಂಡು ಹಾಕುತ್ತಾರೆ, ಕೇಳಿಯೇ ತಿನ್ನಿ. ಆಲಿವ್ ಹಾಕಿದ ಫುಗಾಸ್ ಬ್ರೆಡ್ಡು. ಜೊತೆಗೆ ಪಿಜ್ಜಾ, ಮಾರ್ಸೇಯಲ್ಲಿ ಪಿಜ್ಜಾ ಊರಿನದೇ ಊಟ.

ಫೋನಿನಲ್ಲಿ ಫ್ರೆಂಚ್‌ನಲ್ಲಿ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಮಾಂಸ, ಕೋಳಿ, ಮೀನು, ಆಂಚೊವಿ, ಮಾಂಸದ ಸಾರು ತಿನ್ನುವುದಿಲ್ಲ. ಮೊಟ್ಟೆ ತಿನ್ನದವರು ಅದನ್ನೂ ಸೇರಿಸಿ, ಯಾಕೆಂದರೆ ಅಲ್ಲಿ ಸಸ್ಯಾಹಾರಿ ಅಂದರೆ ಮೊಟ್ಟೆ ತಿನ್ನುತ್ತಾರೆ ಅಂತಲೇ ಲೆಕ್ಕ. ಬರೀ "ವೆಜಿಟೇರಿಯನ್" ಅಂದರೆ ಸಾಲದು. ಹೀಗೆ ಒಂದೊಂದಾಗಿ ಹೆಸರಿಸಿದರೆ ಅಡುಗೆಯವರೂ ಪಾಪ ಸರಿಯಾಗಿ ನೋಡಿ ಹೇಳುತ್ತಾರೆ.

6. ನೀಸ್: ಕಡಲೆ ಹಿಟ್ಟಿನ ಊರು

ಮೊದಲ ದಿನ ಬೆಳಿಗ್ಗೆ ಕೂರ್ ಸಲೇಯಾ ಮಾರ್ಕೆಟ್ಟಿಗೆ ಹೋಗಿ. ಹೂವು, ಹಣ್ಣು, ತರಕಾರಿ, ಆಲಿವ್. ಸೋಮವಾರ ಹೋಗಬೇಡಿ, ಅವತ್ತು ಅಲ್ಲಿ ಹಳೆಯ ಸಾಮಾನಿನ ಸಂತೆ. ಹಣ್ಣು ತರಕಾರಿ ಮುಟ್ಟಿ ಒತ್ತಿ ನೋಡುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಇವತ್ತು ತಿನ್ನಲಿಕ್ಕಾ, ನಾಳೆಗಾ ಅಂತ ಹೇಳಿದರೆ ಅವರೇ ಆರಿಸಿ ಕೊಡುತ್ತಾರೆ.

ಆಮೇಲೆ ಸೊಕ್ಕಾ. ಇದಕ್ಕೆ ಸ್ವಲ್ಪ ಹೊತ್ತು ನಿಂತು ನೋಡಿ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಹಿಟ್ಟು ನೀರು ನೀರಾಗಿರುತ್ತದೆ, ನಮ್ಮ ನೀರುದೋಸೆ ಹಿಟ್ಟಿನ ಹದ. ಎರಡು ಕೈ ಅಗಲಿಸಿ ಹಿಡಿಯಬೇಕಾದಷ್ಟು ದೊಡ್ಡ ತಾಮ್ರದ ತಟ್ಟೆಗೆ ಎಣ್ಣೆ ಸುರಿದು, ಹಿಟ್ಟು ಹೊಯ್ದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಕೆಲವೇ ನಿಮಿಷ. ಮೇಲೆ ಗುಳ್ಳೆ ಎದ್ದು ಅಲ್ಲಲ್ಲಿ ಕಪ್ಪಗಾದಾಗ ಹೊರಗೆಳೆದು, ಕೆರೆದು, ಚೂರು ಚೂರಾಗಿಯೇ ಕೊಡುತ್ತಾರೆ. ಮೇಲೆ ಕಾಳುಮೆಣಸಿನ ಪುಡಿ ಧಾರಾಳವಾಗಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ಕೈಯಲ್ಲೇ ತಿನ್ನಬೇಕು. ಒಂದು ಪಾಲಿಗೆ ನಾಲ್ಕು ಯೂರೋ ಆಸುಪಾಸು. ಆರಿದರೆ ಚರ್ಮದ ಹಾಗೆ ಆಗುತ್ತದೆ, ಹಾಗಾಗಿ ಕಟ್ಟಿಸಿಕೊಂಡು ಹೋಗುವ ಯೋಚನೆ ಬೇಡ. ಹಿಂದೆ ಮಾಡಿಟ್ಟದ್ದನ್ನು ಬಿಸಿ ಮಾಡಿ ಕೊಡುವ ಅಂಗಡಿಗಳೂ ಇವೆ. ಸಾಲು ಇರುವ ಕಡೆ, ಒಲೆಯ ಮುಂದೆ, ಮುಂದಿನ ತಟ್ಟೆಗೆ ಕಾಯುವುದೇ ಸರಿ.

ಸಿಹಿಗೆ ತೂರ್ತ್ ದ ಬ್ಲೆತ್ ನೋಡಿ. ಪಾಲಕ್ ಥರದ ಚಾರ್ಡ್ ಸೊಪ್ಪು, ಒಣದ್ರಾಕ್ಷಿ, ಪೈನ್ ಬೀಜ, ಮೇಲೆ ಸಕ್ಕರೆ ಪುಡಿ. ಸೊಪ್ಪಿನ ಸಿಹಿ ಕಡುಬು ಅಂತ ಕೇಳಿ ಮೂಗು ಮುರಿಯುವವರೇ ಎರಡನೇ ತುಂಡು ಕೇಳುತ್ತಾರೆ. ಇದರಲ್ಲಿ ಮೊಟ್ಟೆ ಇರುತ್ತದೆ.

ಉಳಿದ ದಿನಗಳಲ್ಲಿ ರೈಲು ಹತ್ತಿ ಅಕ್ಕಪಕ್ಕಕ್ಕೆ ಹೋಗಿ. ಪೂರ್ವಕ್ಕೆ ಮಾಂತೋಂ, ಸುಮಾರು ನಲವತ್ತು ನಿಮಿಷ, ಇಟಲಿ ಗಡಿ ಪಕ್ಕ. ಅಲ್ಲಿನ ನಿಂಬೆಹಣ್ಣಿಗೆ 2015ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ದೊಡ್ಡದು, ದಪ್ಪ ಸಿಪ್ಪೆ, ಘಮ ಜಾಸ್ತಿ, ಕಹಿ ಕಮ್ಮಿ. ಸಮುದ್ರದ ಪಕ್ಕದ ಮುಚ್ಚಿದ ಮಾರ್ಕೆಟ್ಟಿನಲ್ಲಿ ಬಾರ್ಬಜುವಾಂ ಸಿಕ್ಕರೆ ಬಿಡಬೇಡಿ, ಸೊಪ್ಪು, ಚೀಸು ತುಂಬಿ ಕರಿದ ಸಣ್ಣ ಕಡುಬು. ಪಶ್ಚಿಮಕ್ಕೆ ಆಂತೀಬ್, ಅರ್ಧ ಗಂಟೆ. ಅಲ್ಲಿನ ಪ್ರೊವಾಂಸಾಲ್ ಮಾರ್ಕೆಟ್ಟು ಬೆಳಿಗ್ಗೆ ಮಾತ್ರ, ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಸೋಮವಾರ ರಜೆ. ಅಲ್ಲಿ ಆಲಿವ್, ಆಡಿನ ಹಾಲಿನ ಚೀಸು, ಒಂದು ಬಾಗೆತ್ ಬ್ರೆಡ್ಡು ತೆಗೆದುಕೊಂಡು ಕೋಟೆಗೋಡೆಯ ಮೇಲೆ ಕೂತರೆ ಹೋಟೆಲಿನ ಖರ್ಚೇ ಇಲ್ಲ.

7. ಮಾರ್ಸೇ: ಬೂಯಾಬೆಸ್‌ಗೆ ಮೊದಲೇ ತಯಾರಿ ಬೇಕು

ಮೀನು ತಿನ್ನುವವರ ದಿನ ಇದು. ಬೂಯಾಬೆಸ್ ಅಂದರೆ ಬಂಡೆ ಮೀನುಗಳ ಸಾರು. ಮೊದಲು ಮೀನುಗಾರರು ಮಾರಾಟವಾಗದ ಮುಳ್ಳುಮೀನು ಹಾಕಿ ಮಾಡಿಕೊಳ್ಳುತ್ತಿದ್ದದ್ದು, ಈಗ ತಲೆಗೆ 60ರಿಂದ 90 ಯೂರೋ. ಹೆಸರಿಟ್ಟುಕೊಂಡು ಏನೇನೋ ಬಡಿಸುವವರು ಜಾಸ್ತಿಯಾದರು ಅಂತ 1980ರಲ್ಲಿ ಮಾರ್ಸೇಯ ಕೆಲವು ಹೋಟೆಲಿನವರು ಸೇರಿ ಒಂದು ನಿಯಮಪತ್ರ ಬರೆದರು: ಪಟ್ಟಿಯಲ್ಲಿರುವ ಮೀನುಗಳಲ್ಲಿ ಕನಿಷ್ಠ ನಾಲ್ಕು ಜಾತಿ ಇರಬೇಕು, ಸಾರು ಮೀನು ಬೇರೆ ಬೇರೆ ಬಡಿಸಬೇಕು, ಮೀನನ್ನು ಗಿರಾಕಿಯ ಮುಂದೆಯೇ ಕತ್ತರಿಸಬೇಕು. ಹಾಗಾಗಿ 20 ಯೂರೋಗೆ ಬೂಯಾಬೆಸ್ ಅಂತ ಬೋರ್ಡು ಕಂಡರೆ ಅದು ಮೀನಿನ ಸೂಪು ಅಷ್ಟೇ. ಸೂಪು ಕೆಟ್ಟದ್ದೇನಲ್ಲ, ಆದರೆ ಸೂಪು ಅಂತ ಗೊತ್ತಿದ್ದು ತಿನ್ನಿ.

ಬಡಿಸುವ ಕ್ರಮ ಹೀಗೆ. ಮೊದಲು ಬೆಂದ ಇಡೀ ಮೀನುಗಳನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ. ನಿಜವಾಗಿ ಬಾಯಿ ಬಿಟ್ಟುಕೊಂಡಿರುವ ರಸ್ಕಾಸ್ ಮೀನು ನಿಮ್ಮನ್ನೇ ನೋಡುತ್ತಿರುತ್ತದೆ. ಅದನ್ನು ಬಿಡಿಸಲು ಒಯ್ದಾಗ ಸಾರು ಬರುತ್ತದೆ: ಕೇಸರಿ, ಸೋಂಪಿನ ಗಡ್ಡೆ, ಟೊಮೆಟೊ, ಬೆಳ್ಳುಳ್ಳಿ, ಬಣ್ಣ ಇಟ್ಟಿಗೆ ಕೆಂಪು. ಜೊತೆಗೆ ಹುರಿದ ಬ್ರೆಡ್ಡಿನ ಚೂರು, ಹಸಿ ಬೆಳ್ಳುಳ್ಳಿ ಎಸಳು, ರೂಯ್ ಅನ್ನುವ ಬೆಳ್ಳುಳ್ಳಿ, ಮೆಣಸಿನಕಾಯಿ, ಕೇಸರಿ ಹಾಕಿದ ಗಟ್ಟಿ ಎಣ್ಣೆ ಚಟ್ನಿ. ಬೆಳ್ಳುಳ್ಳಿಯನ್ನು ಬ್ರೆಡ್ಡಿನ ಮೇಲೆ ಉಜ್ಜಿ, ರೂಯ್ ಸವರಿ, ಸಾರಿನಲ್ಲಿ ಮುಳುಗಿಸಿ ತಿನ್ನಿ. ಆಮೇಲೆ ಮೀನು, ಆಲೂಗಡ್ಡೆ. ಸಾರು ಕೇಳಿದರೆ ಇನ್ನೊಮ್ಮೆ ಹಾಕುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಸುಮಾರು ಕಡೆ ಒಂದೆರಡು ದಿನ ಮೊದಲೇ ಹೇಳಿರಬೇಕು. ಎರಡು, ಕೆಲವು ಹೋಟೆಲುಗಳು ಕನಿಷ್ಠ ಇಬ್ಬರಿಗೆ ಮಾತ್ರ ಮಾಡುತ್ತವೆ. ನಿಮ್ಮಲ್ಲಿ ಒಬ್ಬರು ಸಸ್ಯಾಹಾರಿಯಾದರೆ ಬುಕ್ ಮಾಡುವಾಗಲೇ "ಒಬ್ಬರಿಗೆ ಮಾಡುತ್ತೀರಾ, ಇನ್ನೊಬ್ಬರಿಗೆ ಮೀನಿಲ್ಲದ ಊಟ ಇದೆಯಾ" ಅಂತ ಕೇಳಿ. ಕೇಳದೆ ಹೋದರೆ ಒಬ್ಬರು 75 ಯೂರೋ ಸಾರು, ಇನ್ನೊಬ್ಬರು ಎಲೆ ಸಲಾಡು. ಹನಿಮೂನಿಗೆ ಬಂದವರಿಗೆ ಅದು ಒಳ್ಳೆಯ ಮಧ್ಯಾಹ್ನ ಅಲ್ಲ.

ಸಸ್ಯಾಹಾರಿಯ ದಿನಕ್ಕೆ ಲೆಸ್ತಾಕ್‌ಗೆ ಹೋಗಿ, ಊರಿನ ಪಶ್ಚಿಮದ ಹಳೆಯ ಬಂದರು ಬಡಾವಣೆ. ಬೆಚ್ಚಗಿನ ತಿಂಗಳುಗಳಲ್ಲಿ ಮಾರ್ಸೇ ಊರ ನಡುವಿನ ಹಳೆಯ ಬಂದರಿನಿಂದ ದೋಣಿಯೇ ಇದೆ, ಇಲ್ಲದಿದ್ದರೆ ಬಸ್ಸು. ಅಲ್ಲಿ ದಡದ ಗೂಡಂಗಡಿಗಳಲ್ಲಿ ಪನಿಸ್ ಕೊಡುತ್ತಾರೆ: ಕಡಲೆ ಹಿಟ್ಟನ್ನು ಗಟ್ಟಿ ಮುದ್ದೆಯಾಗಿ ಕಾಯಿಸಿ, ಆರಿಸಿ, ಬಿಲ್ಲೆ ಕತ್ತರಿಸಿ ಕರಿದದ್ದು. ಪೊಟ್ಟಣದಲ್ಲಿ ಬಿಸಿಬಿಸಿ, ಮೇಲೆ ಉಪ್ಪು. ಪಕ್ಕದಲ್ಲೇ ಶಿಶಿ ಫ್ರೇಜಿ ಅನ್ನುವ ಉದ್ದನೆಯ ಸಿಹಿ ಕರಿದ ತಿಂಡಿ. ಆದರೆ ಕರಿಯುವ ಎಣ್ಣೆಯಲ್ಲಿ ಮೀನೂ ಕರಿಯುತ್ತಾರಾ ಅಂತ ಕೇಳಿಕೊಳ್ಳಿ.

ಬೆಳಿಗ್ಗೆ ಬೇಗ ಎದ್ದರೆ ಹಳೆಯ ಬಂದರಿನ ದಕ್ಕೆಯಲ್ಲಿ ಮೀನಿನ ಸಣ್ಣ ಸಂತೆ ಇರುತ್ತದೆ, ಮಂಗಳೂರು ಕಡೆಯವರಿಗೆ ಅಲ್ಲಿನ ಕೂಗಾಟ ಹೊಸತೇನೂ ಅನ್ನಿಸುವುದಿಲ್ಲ. ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರ ನೋಆಯ್ ಬಡಾವಣೆ. ಉತ್ತರ ಆಫ್ರಿಕಾದಿಂದ ಬಂದವರ ಅಂಗಡಿಗಳು. ಜೀರಿಗೆ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಕಡಲೆ ಕಾಳು ಎಲ್ಲ ಸಿಗುತ್ತವೆ. ರೂಮಿನಲ್ಲಿ ಒಲೆ ಇದ್ದರೆ ಆ ರಾತ್ರಿ ಒಂದು ಪಲ್ಯ ಮಾಡಿಕೊಳ್ಳಬಹುದು. ಬೆಣ್ಣೆಹಚ್ಚಿದ ಅಲ್ಜೀರಿಯಾ ರೊಟ್ಟಿ, ತರಕಾರಿ ಕುಸ್‌ಕುಸ್ (ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸಿದ್ದು) ಕೂಡ ಇಲ್ಲೇ. ಕುಸ್‌ಕುಸ್‌ಗೆ ಹಾಕುವ ಸಾರು ಮಾಂಸದ್ದಾ ಅಂತ ಕೇಳುವುದು ಮರೆಯಬೇಡಿ. ಬಿಸ್ಕತ್ತಿಗೆ ನವೆತ್, ದೋಣಿ ಆಕಾರದ್ದು, ಕಿತ್ತಳೆ ಹೂವಿನ ಘಮ. 1781ರಿಂದ ಇದನ್ನು ಮಾಡುತ್ತಿರುವ ಬೇಕರಿ ಇನ್ನೂ ಇದೆ. ಸ್ವಲ್ಪ ಗಟ್ಟಿ, ಕಾಫಿಗೆ ಅದ್ದಿ ತಿನ್ನಿ.

ಕಲಾಂಕ್ ಅನ್ನುವ ಸುಣ್ಣದಕಲ್ಲಿನ ಕೊಲ್ಲಿಗಳನ್ನು ನೋಡಲು ದೋಣಿ ಹಿಡಿಯುವವರು ಗಾಳಿ ನೋಡಿಕೊಳ್ಳಿ. ಮಿಸ್ತ್ರಾಲ್ ಅನ್ನುವ ಉತ್ತರದ ಬಿರುಗಾಳಿ ಬೀಸಿದರೆ ದೋಣಿ ಹೊರಡುವುದಿಲ್ಲ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ನಡೆಯುವ ದಾರಿಗಳನ್ನೂ ಮುಚ್ಚುತ್ತಾರೆ.

8. ಸೆತ್: ಸಿಂಪಿ, ತಿಯೆಲ್, ಕಾಲುವೆ

ಸಣ್ಣ ಬಂದರು ಊರು, ನಡುವೆ ಕಾಲುವೆ. ಬೆಳಿಗ್ಗೆ ಮುಚ್ಚಿದ ಮಾರ್ಕೆಟ್ಟಿಗೆ ಹೋದರೆ ಅಲ್ಲೇ ಕಟ್ಟೆಯ ಮೇಲೆ ಸಿಂಪಿ ಬಿಡಿಸಿ ಕೊಡುತ್ತಾರೆ, ಪಕ್ಕದಲ್ಲಿ ತಣ್ಣನೆಯ ಬಿಳಿ ವೈನು. ವೈನು ಪಿಕ್‌ಪೂಲ್ ದ ಪಿನೆ, ಅಲ್ಲೇ ಹಿಂದಿನ ಬಯಲಲ್ಲಿ ಬೆಳೆದದ್ದು. ಸಿಂಪಿಗಳು ಬರುವುದು ಊರ ಹಿಂದಿನ ತೋ ಅನ್ನುವ ಉಪ್ಪುನೀರಿನ ಸರೋವರದಿಂದ. ಆ ದಡದ ಬೂಝೀಗ್ ಊರಿಗೆ ಬಸ್ಸಿದೆ, ಭಾನುವಾರ ಕಮ್ಮಿ. ಬೆಳೆಯುವವರೇ ನಡೆಸುವ ಗುಡಿಸಲಿನಂಥ ಹೋಟೆಲುಗಳಲ್ಲಿ ಕೂತು ತಿನ್ನಬಹುದು.

ಸಿಂಪಿ ಮೊದಲ ಸಲ ತಿನ್ನುವವರಿಗೆ: ಇದು ಹಸಿ, ಇನ್ನೂ ಜೀವ ಇರುತ್ತದೆ. ಗಾತ್ರಕ್ಕೆ ಅಂಕಿ ಇದೆ, ಅಂಕಿ ಸಣ್ಣದಾದಷ್ಟೂ ಸಿಂಪಿ ದೊಡ್ಡದು. ಮೊದಲ ಸಲಕ್ಕೆ 4ನೇ ನಂಬರಿನದು, ಆರು ಸಾಕು. ನಿಂಬೆ ಹಿಂಡಿ, ಅಗಿದು ನುಂಗಿ, ಸುಮ್ನೆ ನುಂಗಿಬಿಟ್ಟರೆ ರುಚಿಯೇ ಗೊತ್ತಾಗುವುದಿಲ್ಲ. ಬಾಯಿ ತೆರೆದುಕೊಂಡಿದ್ದು ತಟ್ಟಿದರೂ ಮುಚ್ಚದ್ದು, ಒಳಗೆ ನೀರಿಲ್ಲದೆ ಒಣಗಿದ್ದು ತಿನ್ನಬೇಡಿ. ಗರ್ಭಿಣಿಯರು, ಹೊಟ್ಟೆ ಸರಿಯಿಲ್ಲದವರು ಹಸಿ ಸಿಂಪಿ ಬಿಟ್ಟು ಬೇಯಿಸಿದ ಮಸೆಲ್ ತೆಗೆದುಕೊಳ್ಳಿ, ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಅನ್ನುತ್ತಾರಲ್ಲ, ಅದರ ಜಾತಿ. ವಿಮಾನ ಹತ್ತುವ ಹಿಂದಿನ ದಿನವಂತೂ ಹಸಿ ಸಿಂಪಿ ಬೇಡವೇ ಬೇಡ.

ತಿಯೆಲ್ ಅಂದರೆ ಅಂಗೈ ಅಗಲದ ಮುಚ್ಚಿದ ಕಡುಬು, ಅಂಚು ಸುರುಳಿ ಸುತ್ತಿರುತ್ತದೆ. ಒಳಗೆ ಖಾರದ ಟೊಮೆಟೊ ಗೊಜ್ಜಿನಲ್ಲಿ ಬೆಂದ ಆಕ್ಟೋಪಸ್. ಇಟಲಿಯ ಗಯೆತಾದಿಂದ ವಲಸೆ ಬಂದ ಮೀನುಗಾರ ಕುಟುಂಬಗಳು ತಂದ ತಿಂಡಿ. ಎಣ್ಣೆ ಹಿಟ್ಟಿಗೆ ಇಳಿದು ಮೇಲ್ಭಾಗ ಕಿತ್ತಳೆ ಬಣ್ಣ ಆಗಿರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಸಬೇಡಿ, ಮೆತ್ತಗಾಗಿ ಕೆಡುತ್ತದೆ. ಒಲೆ ಇಲ್ಲದಿದ್ದರೆ ಹಾಗೇ ತಿನ್ನಿ.

ಸಸ್ಯಾಹಾರಿಗೆ ಮೂರರಲ್ಲಿ ಕಷ್ಟದ ಊರು ಇದೇ, ಮುಚ್ಚಿಡುವುದಿಲ್ಲ. ಮಾರ್ಕೆಟ್ಟಿನ ಹಣ್ಣು, ಚೀಸು, ಇಟಲಿ ನಂಟಿನ ಪಾಸ್ತಾ, ಪಿಜ್ಜಾ ಮೇಲೆ ದಿನ ದೂಡಬೇಕು. ಅದಕ್ಕೇ ಎರಡೇ ರಾತ್ರಿ ಅಂದದ್ದು.

9. ವಾಪಸ್ ತರುವುದು

ಆಲಿವ್ ಎಣ್ಣೆಯನ್ನು ಗಾಜಿನ ಬಾಟಲಿ ಬಿಟ್ಟು ತಗಡಿನ ಡಬ್ಬಿಯಲ್ಲಿ ತೆಗೆದುಕೊಳ್ಳಿ. ನವೆತ್ ವಾರಗಟ್ಟಲೆ ಇರುತ್ತದೆ. ಕಡಲೆ ಹಿಟ್ಟು ಮಾತ್ರ ಅಲ್ಲಿಂದ ಹೊತ್ತು ತರಬೇಡಿ, ಹಾಗೆ ಮಾಡಿದವರೂ ಇದ್ದಾರೆ. ಮದ್ಯ ಭಾರತಕ್ಕೆ ತಲೆಗೆ ಎರಡು ಲೀಟರ್ ಸುಂಕವಿಲ್ಲದೆ ತರಬಹುದು, ಅಂದರೆ ತಲೆಗೆ ಎರಡರಂತೆ ಇಬ್ಬರಿಗೆ ನಾಲ್ಕು ವೈನ್ ಬಾಟಲಿ. ಎಲ್ಲವನ್ನೂ ಚೆಕ್-ಇನ್ ಸೂಟ್‌ಕೇಸಿಗೇ ಹಾಕಿ, ದಪ್ಪ ಬಟ್ಟೆಯ ನಡುವೆ, ಒಂದೊಂದಕ್ಕೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲ ಸುತ್ತಿ. ಹೊರಡುವ ಮೊದಲು ತೂಕ ನೋಡಿ. ಸಂತೆಯಲ್ಲಿ ಕೊಳ್ಳುವಾಗ ಐದು ಕಿಲೋ ಜಾಮು ಯಾರಿಗೂ ಭಾರ ಅನ್ನಿಸುವುದಿಲ್ಲ, ವಿಮಾನದ ಕೌಂಟರಿನಲ್ಲಿ ಅನ್ನಿಸುತ್ತದೆ.